ಹುಲ್ಲು ಗದ್ದೆಯಲ್ಲಿ ಉಳಿಯದಿದ್ದರೆ ಉಳುಮೆ ಬಿಟ್ಟು ಏನು ಪ್ರಯೋಜನ?

ಉತ್ತರ ಕನ್ನಡದ ಕುಮಟಾ, ಅಂಕೋಲಾ ಕಡೆ ಈಗ "ಉಳುಮೆ ಬೇಡ" ಅನ್ನುವವರು ಹೆಚ್ಚಾಗಿದ್ದಾರೆ. ಸಂತೋಷ. ಆದರೆ ಭತ್ತವನ್ನು ಬುಡಮಟ್ಟ ಕೊಯ್ದು, ಹುಲ್ಲನ್ನೆಲ್ಲ ಮನೆಗೆ ಸಾಗಿಸಿ, ಉಳಿದ ಕೂಳೆಯನ್ನೂ ದನಕ್ಕೆ ಮೇಯಿಸಿ, ಆಮೇಲೆ ಬೋಳು ನೆಲದ ಮೇಲೆ ಉದ್ದು ಚೆಲ್ಲಿ "ಶೂನ್ಯ ಉಳುಮೆ ಮಾಡಿದೆ" ಅಂದರೆ ಒಪ್ಪುವುದು ಕಷ್ಟ. ಅಲ್ಲಿ ಉಳಿತಾಯವಾದದ್ದು ಟಿಲ್ಲರ್ ಬಾಡಿಗೆ ಮಾತ್ರ. ನೆಲ ಮುಚ್ಚುವ ಹುಲ್ಲಿನ ಹೊದಿಕೆ ಇಲ್ಲದೆ ಉಳುಮೆ ಬಿಟ್ಟ ಗದ್ದೆ, ಉತ್ತ ಗದ್ದೆಗಿಂತಲೂ ಕಡೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾರಣ ನಮ್ಮ ಮಳೆ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಸುರಿಯುತ್ತದೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ದಪ್ಪ ಹನಿ ಬೋಳು ಮಣ್ಣಿಗೆ ಬಡಿದಾಗ ಸಣ್ಣ ಕಣಗಳು ಎದ್ದು ಮಣ್ಣಿನ ರಂಧ್ರಗಳಲ್ಲೇ ಕೂರುತ್ತವೆ. ಮೇಲೆ ತೆಳ್ಳಗೆ ಒಂದು ಪದರ ಕಟ್ಟುತ್ತದೆ, ನೀರು ಇಳಿಯುವುದು ಬಿಟ್ಟು ಹರಿಯತೊಡಗುತ್ತದೆ. ಉತ್ತ ಗದ್ದೆಯಲ್ಲಿ ಆ ಪದರ ವರ್ಷಕ್ಕೊಮ್ಮೆಯಾದರೂ ಒಡೆಯುತ್ತದೆ. ಉಳದ ಬೋಳು ಗದ್ದೆಯಲ್ಲಿ ಅದನ್ನು ಒಡೆಯುವವರೇ ಇಲ್ಲ. ಜಂಬಿಟ್ಟಿಗೆ ಮಣ್ಣಾದರೆ ಏಪ್ರಿಲ್ ಬಿಸಿಲಿಗೆ ಪಿಕಾಸಿಯೂ ಇಳಿಯದು.

ಹೊದಿಕೆ ಸಾಕೋ ಸಾಲದೋ ಎಂದು ಕಣ್ಣಂದಾಜಿನಲ್ಲಿ ಹೇಳಬೇಡಿ, ಕಣ್ಣು ಯಾವಾಗಲೂ ಹೆಚ್ಚೇ ಹೇಳುತ್ತದೆ. 50 ಅಡಿ ಹಗ್ಗಕ್ಕೆ ಅರ್ಧ ಅಡಿಗೊಂದರಂತೆ 100 ಗಂಟು ಹಾಕಿ. ಸಾಲಿಗೆ ಓರೆಯಾಗಿ ಗದ್ದೆಯಲ್ಲಿ ಎಳೆದು ಕಟ್ಟಿ, ನೇರ ಮೇಲಿನಿಂದ ನೋಡುತ್ತ ಎಷ್ಟು ಗಂಟಿನ ಕೆಳಗೆ ಹುಲ್ಲಿದೆ ಎಂದು ಎಣಿಸಿ. ಬಂದ ಸಂಖ್ಯೆಯೇ ಶೇಕಡಾವಾರು. ಮೂರು ನಾಲ್ಕು ಕಡೆ ಅಳೆದು ಸರಾಸರಿ ತೆಗೆಯಿರಿ. ಬಿತ್ತಿದ ಮೇಲೆ ಶೇ. 30 ಮುಚ್ಚಿದ್ದರೆ ಮಣ್ಣು ಉಳಿಸುವ ಬೇಸಾಯ ಎಂದು ಲೆಕ್ಕ ಹಿಡಿಯುವ ಕ್ರಮವಿದೆ. ನಮ್ಮ ಮಳೆಗೆ ಅದು ಏನೂ ಸಾಲದು, ಕನಿಷ್ಠ 60 ಬೇಕು ಅನ್ನುತ್ತೇನೆ.

"ಹುಲ್ಲು ಗದ್ದೆಯಲ್ಲಿ ಬಿಟ್ಟರೆ ದನಕ್ಕೇನು ಹಾಕೋಣ ಮಾರಾಯ್ರೆ?" ನ್ಯಾಯವಾದ ಪ್ರಶ್ನೆ. ಉತ್ತರ ಕೊಯ್ಲಿನ ಎತ್ತರದಲ್ಲಿದೆ. ನೆಲದಿಂದ 8-10 ಅಂಗುಲ ಬಿಟ್ಟು ಕೊಯ್ಯಿರಿ, ಎತ್ತರದ ಊರತಳಿಯಾದರೆ ಒಂದು ಅಡಿ. ದನ ಇಷ್ಟಪಡುವ ಮೆದು ಭಾಗ ಹೇಗೂ ಮೇಲೆಯೇ ಇರುವುದು. ಬುಡದ ಗಡಸು ಭಾಗ ಬೇರು ಸಮೇತ ನಿಂತರೆ ಗಾಳಿಗೂ ಹಾರದು, ನೀರಿಗೂ ತೇಲದು. ನಿಂತ ಕೂಳೆಯೊಂದೇ ನೆಲ ಮುಚ್ಚುವುದಿಲ್ಲ, ಮೇಲಿನ ಹುಲ್ಲಿನಲ್ಲೂ ಒಂದಿಷ್ಟನ್ನು ಸಾಲುಗಳ ನಡುವೆ ಹರಡಲೇಬೇಕು. ಕಡಿಮೆ ಬಿದ್ದ ಮೇವಿಗೆ ಉದ್ದು, ಅಲಸಂದೆಯ ಬಳ್ಳಿ ಬರುತ್ತದೆ. ಅದು ಭತ್ತದ ಹುಲ್ಲಿಗಿಂತ ಒಳ್ಳೆಯ ಮೇವು.

ಹುಲ್ಲು ಮಾರುವವರು ಇನ್ನೊಂದು ಲೆಕ್ಕ ನೋಡಲಿ. ಎಕರೆಗೆ 15 ಕ್ವಿಂಟಾಲ್ ಭತ್ತ ಬಂದರೆ ಹುಲ್ಲೂ ಸುಮಾರು ಒಂದೂವರೆ ಟನ್. ಒಂದು ಟನ್ ಹುಲ್ಲಿನಲ್ಲಿ ಅಂದಾಜು 6 ಕೆಜಿ ಸಾರಜನಕ, 15ರಿಂದ 20 ಕೆಜಿ ಪೊಟ್ಯಾಷ್. ಅಂದರೆ 30 ಕೆಜಿ ಪೊಟ್ಯಾಷ್ ಇರುವ ಎಂಒಪಿ (ಪೊಟ್ಯಾಷ್ ಗೊಬ್ಬರ) ಚೀಲಕ್ಕೆ ಹತ್ತಿರದ ಮಾಲು ಲಾರಿ ಹತ್ತಿ ಹೋಯಿತು. ಹುಲ್ಲಿನ ಪೊಟ್ಯಾಷ್‌ಗೆ ಕೊಳೆಯುವವರೆಗೆ ಕಾಯುವ ಕೆಲಸವೂ ಇಲ್ಲ, ಒದ್ದೆಯಾದರೆ ಸಾಕು, ಮಣ್ಣಿಗಿಳಿಯುತ್ತದೆ.

ಇನ್ನು ಉದ್ದು ಬಿತ್ತುವ ಕ್ರಮ. ಕೊಯ್ಲಿಗೆ 8-10 ದಿನ ಮೊದಲು ಗದ್ದೆಯ ನೀರು ಹೊರಗೆ ಬಿಡಿ. ಕಾಲಿಟ್ಟರೆ ಹೆಜ್ಜೆ ಮೂಡಬೇಕು, ಹೆಜ್ಜೆಯಲ್ಲಿ ನೀರು ನಿಲ್ಲಬಾರದು. ಆ ಹದಕ್ಕೆ, ಕೊಯ್ಲಿಗೆ 5-7 ದಿನ ಇರುವಾಗ, ನಿಂತ ಭತ್ತದ ನಡುವೆಯೇ ಚೆಲ್ಲಬೇಕು. ಬೀಜ ಎಕರೆಗೆ 10-12 ಕೆಜಿ, ಉತ್ತು ಬಿತ್ತುವುದಕ್ಕಿಂತ ಜಾಸ್ತಿ, ಏಕೆಂದರೆ ಎಲ್ಲ ಕಾಳಿಗೂ ಮಣ್ಣು ಸಿಗುವುದಿಲ್ಲ. ಆರಿದ ಗಂಜಿಯಲ್ಲಿ ರೈಜೋಬಿಯಂ (ಸಾರಜನಕ ಹಿಡಿದುಕೊಡುವ ಜೀವಾಣು ಗೊಬ್ಬರ) ಕಲಸಿ ಬೀಜಕ್ಕೆ ಹಚ್ಚಿ, ನೆರಳಲ್ಲಿ ಆರಿಸಿ. ಹೂ ಕಾಣುವಾಗ ಒಮ್ಮೆ, ಮತ್ತೆ 15 ದಿನಕ್ಕೆ ಇನ್ನೊಮ್ಮೆ ಶೇ. 2ರ ಡಿಎಪಿ ಗೊಬ್ಬರದ ಸಿಂಪಡಣೆ: ಲೀಟರಿಗೆ 20 ಗ್ರಾಂ, ರಾತ್ರಿ ನೆನೆಹಾಕಿ ಬೆಳಿಗ್ಗೆ ಮೇಲಿನ ತಿಳಿ ಮಾತ್ರ ಸೋಸಿಕೊಳ್ಳಬೇಕು. ಸೋಸದಿದ್ದರೆ ನಾಜಲ್ ಕಟ್ಟಿಕೊಂಡು ಅರ್ಧ ದಿನ ಅದರಲ್ಲೇ ಹೋಗುತ್ತದೆ.

ಕೆಡುವುದು ಎಲ್ಲಿ? ಭತ್ತ ಮಲಗಿದ್ದರೆ ಈ ಕ್ರಮವೇ ಬೇಡ, ಬೀಜ ನೆಲ ಮುಟ್ಟದು. ಕೊಯ್ಲು ತಡವಾದರೆ ಸಸಿ ನೆರಳಲ್ಲಿ ಸೊರಗಿ ಉದ್ದವಾಗಿ, ಕೊಯ್ಯುವವರ ಕಾಲಿಗೆ ಮುರಿಯುತ್ತದೆ. ಕಟಾವು ಯಂತ್ರ ಇಳಿಸುವುದಾದರೆ ಅದು ಬರುವ ಹಿಂದಿನ ದಿನ ಚೆಲ್ಲಿ, ಯಂತ್ರ ಒಂದೇ ಸಾಲಿಗೆ ಉಗುಳಿದ ಹುಲ್ಲನ್ನು ಅವತ್ತೇ ಕೆದರಿ ಹರಡಿ. ಆ ರಾಶಿಯಡಿ ಏನೂ ಹುಟ್ಟದು. ಯಂತ್ರದಿಂದ ಸಾಲು ಬಿತ್ತನೆ ಮಾಡುವವರು ಇಬ್ಬನಿ ಆರುವವರೆಗೆ ಕಾಯಲೇಬೇಕು. ಒದ್ದೆ ಹುಲ್ಲು ತುಂಡಾಗದೆ ಮಡಚಿ ಬೀಜದ ಜೊತೆ ಗೀರಿನೊಳಗೆ ಹೋಗುತ್ತದೆ, ಕಾಳು ಹುಲ್ಲಿನ ಮೇಲೆ ಕೂತು ಒಣಗುತ್ತದೆ. ತರಕಾರಿ, ಜೋಳ ಹಾಕುವವರಿಗೆ ಸಾರಜನಕದ ಕಾಟ: ಹುಲ್ಲು ಕೊಳೆಸುವ ಜೀವಾಣುಗಳು ಮೊದಲ ತಿಂಗಳು ಮಣ್ಣಿನ ಸಾರಜನಕವನ್ನು ತಾವೇ ಹಿಡಿದಿಡುತ್ತವೆ, ಎಲೆ ಹಳದಿಯಾಗುತ್ತದೆ. ಅಲ್ಲಿ ಆರಂಭದ ಗೊಬ್ಬರ ಸ್ವಲ್ಪ ಹೆಚ್ಚು ಬೇಕು, ಅದೂ ಹುಲ್ಲಿನ ಮೇಲೆ ಎರಚದೆ ಬುಡಕ್ಕೆ. ಶೇಂಗಾ ಮಾತ್ರ ಉಳುಮೆ ಬಿಡುವ ಲೆಕ್ಕಕ್ಕೆ ಸೇರದು, ಕೀಳುವಾಗಲೇ ನೆಲ ಅಗೆದಂತಾಗುತ್ತದೆ.

ಕಾಂಡಕೊರಕದ ಹುಳು ಕೂಳೆಯೊಳಗೆ ಉಳಿಯುತ್ತದೆ ಎಂಬುದು ಸುಳ್ಳಲ್ಲ. ಅದು ಕೊರೆದು ಜೊಳ್ಳಾದ ಬಿಳಿ ತೆನೆ ಹೆಚ್ಚು ಕಂಡ ವರ್ಷ ಬುಡಮಟ್ಟ ಕೊಯ್ದು ಹುಲ್ಲನ್ನು ಕೊಟ್ಟಿಗೆಗೆ ಒಯ್ಯಿರಿ, ಹೊದಿಕೆಯ ಹಟ ಆ ವರ್ಷ ಬೇಡ.

ಹೊದಿಕೆ ನಮ್ಮ ಜಿಲ್ಲೆಗೆ ಹೊಸದೂ ಅಲ್ಲ. ಅಘನಾಶಿನಿ ಗಜನಿಯಲ್ಲಿ (ಉಪ್ಪುನೀರು ಹತ್ತುವ ಗದ್ದೆ) ಕಗ್ಗ ಭತ್ತದ ತೆನೆ ಮಾತ್ರ ಕೊಯ್ದು ದಂಟನ್ನು ನೀರಿಗೆ ಬಿಡುತ್ತಾರೆ, ಅದು ಕೊಳೆತು ಸೀಗಡಿ, ಮೀನಿಗೆ ಆಹಾರ. ಶಿರಸಿ ಸೀಮೆಯಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ (ಸೊಪ್ಪು, ತರಗೆಲೆ ತರುವ ಕಾಡು) ಬಿಟ್ಟದ್ದೂ ಇದಕ್ಕೇ. ಈಗ ಬೆಟ್ಟದಿಂದ ಸೊಪ್ಪು ಹೊರಲು ಆಳಿಲ್ಲ, ಹಾಗಾಗಿ ತೋಟದೊಳಗಿನದ್ದೇ ಗತಿ. ಸೋಗೆಯನ್ನು ಮೂರು ನಾಲ್ಕು ತುಂಡು ಮಾಡಿ ಹಾಕಿ. ಹಾಳೆಯನ್ನು ಕವುಚಿ ಹಾಕಿ, ಅಂಗಾತ ಬಿದ್ದರೆ ನೀರು ನಿಂತು ಸೊಳ್ಳೆ. ಅಡಿಕೆ ಸಿಪ್ಪೆ ನಿಧಾನ ಕೊಳೆಯುವುದರಿಂದ ಹೊದಿಕೆಗೆ ಅದೇ ಲಾಯಕ್ಕು. ಅಕೇಶಿಯಾ ದರಕೂ (ಒಣ ತರಗೆಲೆ) ಹಾಗೆಯೇ: ಗೊಬ್ಬರಕ್ಕೆ ಸುಮಾರು, ಮುಚ್ಚಲು ಉತ್ತಮ. ಮೂರು ನಾಲ್ಕು ಅಂಗುಲ ದಪ್ಪ ಸಾಕು, ಮರದ ಬುಡದಿಂದ ಅರ್ಧ ಅಡಿ ಬಿಟ್ಟಿರಲಿ, ನೀರು ಹರಿಯುವ ಕಾದಿಗೆಗೆ ಬೀಳದಿರಲಿ. ಕೊಳೆರೋಗದಿಂದ ಉದುರಿದ ಕಾಯಿಯನ್ನು ಹೊದಿಕೆಯ ಮೇಲೆ ಬಿಡದೆ ಹೆಕ್ಕಿ ಹೊರಗೆ ಹಾಕಿ. ಸಿದ್ದಾಪುರ ಕಡೆಯವರು ಬೇಸಿಗೆಯಲ್ಲಿ ಕಾಡಿನ ದರಕು ತರುವಾಗ ಮಂಗನ ಕಾಯಿಲೆ ಹರಡುವ ಉಣ್ಣೆ ಹುಳದ ನೆನಪಿಟ್ಟುಕೊಂಡು ಮೈಗೆ ಅದನ್ನು ದೂರವಿಡುವ ಡೆಪಾ ತೈಲ ಹಚ್ಚಿಯೇ ಹೋಗಿ.

ಗದ್ದೆಯವರಿಗೆ ಇಷ್ಟೆಲ್ಲಕ್ಕಿಂತ ದೊಡ್ಡ ತೊಡಕು ಕೊಯ್ಲಾದ ಮೇಲೆ ಬಿಡುವ ದನ. ಇಡೀ ಬಯಲು ಒಣಗಿರುವಾಗ ಒಂದೇ ಗದ್ದೆ ಹಸಿರಾಗಿದ್ದರೆ ಊರ ದನವೆಲ್ಲ ಅಲ್ಲಿಗೇ. ಒಬ್ಬೊಬ್ಬರೇ ಬೇಲಿ ಕಟ್ಟಿದರೆ ಉದ್ದಿನ ದುಡ್ಡು ಬೇಲಿಗೇ ಸರಿ. ಅಕ್ಕಪಕ್ಕದ ಏಳೆಂಟು ಗದ್ದೆಯವರು ಅಕ್ಟೋಬರ್‌ನಲ್ಲೇ ಮಾತಾಡಿಕೊಂಡು, ಒಟ್ಟಿಗೆ ಬಿತ್ತಿ, ಸುತ್ತ ಒಂದೇ ಬೇಲಿ ಹಾಕಿ, ಫೆಬ್ರವರಿವರೆಗೆ ದನ ಬಿಡುವುದಿಲ್ಲ ಎಂದು ನಿಶ್ಚಯಿಸಿಕೊಳ್ಳಬೇಕು. ಅದಾಗದ ಬಯಲಿನಲ್ಲಿ ಬೀಜ ಖರೀದಿಸುವುದೇ ಬೇಡ.