ಋಣವಿಲ್ಲದ ಊಟ: ಪೇಯವು ಊಟದ ಜಾಗಕ್ಕೆ ಬರಬಹುದೇ?

2013ರ ಫೆಬ್ರವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ರಾಬ್ ರೈನ್‌ಹಾರ್ಟ್ ಎಂಬ ಇಪ್ಪತ್ನಾಲ್ಕು ವರ್ಷದ ಎಂಜಿನಿಯರ್ ತಾನು ಊಟ ಮಾಡುವುದನ್ನೇ ಬಿಟ್ಟಿರುವುದಾಗಿ ಬರೆದ. ಹಿಡಿದಿದ್ದ ಉದ್ಯಮ ಕೈಹತ್ತದೆ ಹಣ ಕರಗುತ್ತಿದ್ದ ದಿನಗಳಲ್ಲಿ ಅವನಿಗೆ ಊಟವೆಂಬುದು ದುಡ್ಡನ್ನೂ ಹೊತ್ತನ್ನೂ ನುಂಗುವ ತಾಪತ್ರಯವಾಗಿ ಕಂಡಿತ್ತು. ಮೂವತ್ತಕ್ಕೂ ಹೆಚ್ಚು ಪೋಷಕಾಂಶಗಳನ್ನು ತರಿಸಿ, ನೀರಿನಲ್ಲಿ ಕದಡಿ, ಒಂದು ತಿಂಗಳು ಹೆಚ್ಚುಕಡಿಮೆ ಅದನ್ನೇ ಕುಡಿದಿದ್ದ. ಅದೇ ಮೇ ತಿಂಗಳಲ್ಲಿ ಒಂದು ಲಕ್ಷ ಡಾಲರ್ ಬೇಕೆಂದು ಜನರ ಮುಂದೆ ಕೈಯೊಡ್ಡಿದಾಗ ಆ ಮೊತ್ತ ಕೆಲವೇ ಗಂಟೆಗಳಲ್ಲಿ ಕೂಡಿಬಂತು. ಪೇಯಕ್ಕೆ ಅವನಿಟ್ಟ ಹೆಸರು ಸಾಯ್ಲೆಂಟ್. ಹ್ಯಾರಿ ಹ್ಯಾರಿಸನ್ನನ 1966ರ ಕಾದಂಬರಿಯಿಂದ ಎತ್ತಿಕೊಂಡ ಆ ಹೆಸರಿನಲ್ಲಿ ಸೋಯಾ ಮತ್ತು ಬೇಳೆಯ ಇಂಗ್ಲಿಷ್ ಹೆಸರುಗಳು ಬೆರೆತಿವೆ. ಅದನ್ನು ಆಧರಿಸಿದ 1973ರ ಚಲನಚಿತ್ರದಲ್ಲಿ ಮಾತ್ರ ಆ ಆಹಾರ ತಯಾರಾಗುವುದು ಮನುಷ್ಯರ ಹೆಣದಿಂದ. ಇದನ್ನು ತಿಳಿದೂ ಅದೇ ಹೆಸರಿಟ್ಟವನ ಧೈರ್ಯವನ್ನು ಮೆಚ್ಚಬೇಕು. 2015ರಲ್ಲಿ ಬ್ರಿಟನ್ನಿನಲ್ಲಿ ಹ್ಯೂಯೆಲ್ ಬಂತು, ಆಮೇಲೆ ಇಂಥವು ಹಲವು ಬಂದವು.

ರೋಗವಿಲ್ಲದ, ಊಟಕ್ಕೆ ತತ್ವಾರವೂ ಇಲ್ಲದ ಒಬ್ಬ ವಯಸ್ಕ, ದಿನನಿತ್ಯದ ಒಂದು ಊಟದ ಬದಲಿಗೆ ಇಂಥ ಪೇಯವನ್ನು ಅಭ್ಯಾಸ ಮಾಡಿಕೊಳ್ಳುವುದು ಸರಿಯೇ ಎಂಬುದು ಇಲ್ಲಿನ ಪ್ರಶ್ನೆ.

ಪರ

ಬಾಟಲಿಯ ಎದುರಿಗೆ ಮದುವೆಮನೆಯ ಬಾಳೆಎಲೆಯನ್ನಿಟ್ಟು ತೂಗುವುದು ಮೋಸದ ತಕ್ಕಡಿ. ಈ ಪೇಯವನ್ನು ಕುಡಿಯುವವರು ಬಿಟ್ಟುಕೊಡುತ್ತಿರುವುದು ಹೋಳಿಗೆಯನ್ನೂ ಅಲ್ಲ, ಅಜ್ಜಿಯ ಕೈತುತ್ತನ್ನೂ ಅಲ್ಲ; ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲೋ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲೋ ಮಧ್ಯಾಹ್ನ ಎರಡೂವರೆಗೆ, ಎರಡು ಮೀಟಿಂಗುಗಳ ನಡುವೆ, ಪರದೆಯಿಂದ ಕಣ್ಣು ಕೀಳದೆ ಎಡಗೈಯಲ್ಲಿ ತಿನ್ನುವ ತಣ್ಣಗಿನ ಬರ್ಗರನ್ನು, ಅಥವಾ ಊಟವೇ ತಪ್ಪಿದ ದಿನ ಕಾಫಿಯ ಜತೆ ಖಾಲಿಯಾಗುವ ಬಿಸ್ಕತ್ತಿನ ಪೊಟ್ಟಣವನ್ನು. ಅದರ ಪಕ್ಕದಲ್ಲಿಟ್ಟು ನೋಡಿದರೆ, 400 ಕಿಲೊಕ್ಯಾಲೊರಿ, 20 ಗ್ರಾಂ ಪ್ರೋಟೀನ್ ಮತ್ತು ವಿಟಮಿನ್-ಖನಿಜಗಳನ್ನು ಲೆಕ್ಕಹಾಕಿ ತುಂಬಿ, ಒಳಗೆ ಏನೇನಿದೆಯೆಂದು ಮೈಮೇಲೆಯೇ ಬರೆದುಕೊಂಡಿರುವ ಸಾಯ್ಲೆಂಟ್ ಬಾಟಲಿ ಎಷ್ಟೋ ಪ್ರಾಮಾಣಿಕವಾದ ಆಹಾರ.

ಕುಡಿದು ಹೊಟ್ಟೆ ತುಂಬಿಸಿಕೊಳ್ಳುವುದು ಕ್ಯಾಲಿಫೋರ್ನಿಯಾದವರು ನಮಗೆ ಕಲಿಸಬೇಕಾದ ಪಾಠವೂ ಅಲ್ಲ. ಹೊಲಕ್ಕೆ ಹೊರಟವರು ಒಂದು ಚೆಂಬು ರಾಗಿ ಅಂಬಲಿಯ ಮೇಲೆ ಮಧ್ಯಾಹ್ನದವರೆಗೆ ದುಡಿದದ್ದನ್ನು ಬಯಲುಸೀಮೆ ಬಹುಕಾಲದಿಂದ ಕಂಡಿದೆ, ಮತ್ತು ಯಾರೂ ಅದನ್ನು ಸಂಸ್ಕೃತಿಯ ಅವನತಿ ಎಂದು ಕರೆಯಲಿಲ್ಲ. ನಮ್ಮ ಸರ್ಕಾರಿ ಶಾಲೆಗಳಲ್ಲಿ 2024ರಿಂದ ಮಕ್ಕಳಿಗೆ ಕೊಡುತ್ತಿರುವ ರಾಗಿ ಮಾಲ್ಟ್ ಕೂಡ ಹಾಲಿನಲ್ಲಿ ಕದಡಿದ ಪುಡಿಯೇ.

ವೈದ್ಯಕೀಯದ ಸಾಕ್ಷ್ಯವನ್ನೂ ತಳ್ಳಿಹಾಕುವಂತಿಲ್ಲ. ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡಿನ ಟೈನ್‌ಸೈಡ್ ಪ್ರದೇಶದಲ್ಲಿ ಟೈಪ್-2 ಮಧುಮೇಹವಿದ್ದ 306 ಜನರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ‘ಡೈರೆಕ್ಟ್’ ಪ್ರಯೋಗದಲ್ಲಿ, ಅರ್ಧದಷ್ಟು ಮಂದಿಗೆ ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕಿಲೊಕ್ಯಾಲೊರಿಯಷ್ಟು ಪೇಯಾಹಾರವನ್ನಷ್ಟೇ ಕೊಡಲಾಗಿತ್ತು. ವರ್ಷದ ಕೊನೆಗೆ ಅವರಲ್ಲಿ ಶೇ 46ರಷ್ಟು ಜನರ ಸಕ್ಕರೆ, ಔಷಧಿಯಿಲ್ಲದೆಯೇ ಮಧುಮೇಹದ ಮಟ್ಟದಿಂದ ಕೆಳಗಿಳಿದಿತ್ತು. ಮಾಮೂಲಿ ಚಿಕಿತ್ಸೆಯಲ್ಲಿದ್ದವರಲ್ಲಿ ಹಾಗಾದದ್ದು ಶೇ 4ರಷ್ಟು ಜನರಿಗೆ ಮಾತ್ರ. ‘ಮಿತವಾಗಿ ಉಣ್ಣಿ’ ಎಂಬ ಬುದ್ಧಿಮಾತು ಮಾಡಲಾಗದ್ದನ್ನು ಅಳೆದು ಕೊಟ್ಟ ಲೋಟ ಮಾಡಿತು.

ಇನ್ನು ‘ಮನೆಯೂಟ’ ಎಂದು ಕಣ್ಣರಳಿಸುವವರು ಆ ಊಟ ಯಾರ ಹೊತ್ತಿನಿಂದ ತಯಾರಾಗುತ್ತದೆ ಎಂಬುದನ್ನು ಒಮ್ಮೆ ನೋಡಬೇಕು. ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ತೆರುತ್ತಾರೆ. ಅದೇ ಕೆಲಸಕ್ಕೆ ಕೈಹಾಕುವ ಗಂಡಸರು ತೆರುವುದು 97 ನಿಮಿಷ, ಮತ್ತು ಹಾಗೆ ಕೈಹಾಕುವ ಗಂಡಸರೇ ನೂರಕ್ಕೆ ಸುಮಾರು ಇಪ್ಪತ್ತಾರು ಜನ. ಕಚೇರಿಗೆ ಹೋಗುವ ಮೂವರಿಗೆ ಬೆಳಗಿನ ಏಳಕ್ಕೇ ಮೂರು ಡಬ್ಬಿ ಕಟ್ಟುವವಳ ಕಡೆಯಿಂದ ನೋಡಿದರೆ ಊಟದ ಸಾಮಾಜಿಕ ಮೌಲ್ಯವೆಂಬುದು ಅವಳ ನಿದ್ದೆಯಿಂದ ಕಡಿದುಕೊಟ್ಟ ಪಾಲು. ಮೂರರಲ್ಲಿ ಒಂದು ಡಬ್ಬಿ ಕಡಿಮೆಯಾದರೂ ಸಂಸ್ಕೃತಿಗೆ ಆಗುವ ನಷ್ಟವನ್ನು ನಾವು ತಾಳಿಕೊಳ್ಳಬಹುದು.

ಎಲ್ಲಕ್ಕಿಂತ ಮುಖ್ಯವಾಗಿ, ಒಟ್ಟಿಗೆ ಉಣ್ಣುವುದೆಂಬುದು ನಮ್ಮಲ್ಲಿ ಎಂದೂ ಬರೀ ಒಟ್ಟುಗೂಡಿಸುವ ಕ್ರಿಯೆಯಾಗಿರಲಿಲ್ಲ. ಪಂಕ್ತಿ ಎಂಬ ಪದದ ಬೆನ್ನಿಗೇ ಪಂಕ್ತಿಭೇದ ಎಂಬ ಪದವಿದೆ. ಯಾರು ಒಳಗೆ, ಯಾರು ಜಗಲಿಯಲ್ಲಿ, ಯಾರು ಅಂಗಳದಲ್ಲಿ, ಯಾರು ಎಲ್ಲರದೂ ಆದ ಮೇಲೆ ಎಂಬುದನ್ನು ಎಲೆ ಹಾಕುವ ಮುನ್ನವೇ ಜಾತಿ ತೀರ್ಮಾನಿಸುತ್ತಿತ್ತು. ಹಳ್ಳಿಯ ಚಹಾದಂಗಡಿಯಲ್ಲಿ ಬೇರೆ ಲೋಟ, ಪೇಟೆಯ ಬಾಡಿಗೆ ಮನೆಯ ಬಾಗಿಲಲ್ಲಿ ‘ನೀವು ವೆಜ್ಜಾ, ನಾನ್‌ವೆಜ್ಜಾ’ ಎಂಬ ನಯವಾದ ವಿಚಾರಣೆ, ಕಚೇರಿಯ ಊಟದ ಮೇಜಿನಲ್ಲಿ ಒಬ್ಬರ ಡಬ್ಬಿ ತೆರೆದೊಡನೆ ಇನ್ನೊಬ್ಬರ ಮೂಗು ಮುರಿಯುವುದು, ಇವೆಲ್ಲ ಅದೇ ಮರದ ಕೊಂಬೆಗಳು. ಊಟ ಹಾಕಿದವರು ಅದನ್ನು ಮರೆಯಲು ಬಿಡುವುದೂ ಇಲ್ಲ: ಅನ್ನದ ಋಣ ಎಂಬುದು ಚೆಂದದ ಮಾತೇನೋ ಹೌದು, ಆದರೆ ಜೀತದ ಆಳನ್ನು ತಲೆಮಾರುಗಳವರೆಗೆ ಕಟ್ಟಿಹಾಕಿದ್ದೂ ಆ ಮಾತೇ. ಮುಚ್ಚಳ ಮುಚ್ಚಿ ಬಂದ ಬಾಟಲಿ ಕುಡಿಯುವವರ ಕುಲ ಕೇಳುವುದಿಲ್ಲ, ಬೆಲೆ ಕೊಟ್ಟ ಮೇಲೆ ಏನನ್ನೂ ಬಾಕಿ ಉಳಿಸುವುದಿಲ್ಲ. ಯಾರ ಹಂಗೂ ಇಲ್ಲದೆ ಹಸಿವನ್ನು ತೀರಿಸಿಕೊಳ್ಳುವ ಈ ಸ್ವಾತಂತ್ರ್ಯವನ್ನು, ಎಂದೂ ಪಂಕ್ತಿಯಿಂದ ಏಳಿಸಿಕೊಳ್ಳದವರು ಒಣ ಯಾಂತ್ರಿಕತೆ ಎಂದು ಹೀಗಳೆಯುವುದು ಸುಲಭ.

ಹಬ್ಬದೂಟವನ್ನು ಯಾರೂ ರದ್ದು ಮಾಡಲು ಹೊರಟಿಲ್ಲ. ಅಗತ್ಯಕ್ಕೆ ಉಣ್ಣುವ ಊಟ ಬೇರೆ, ಸುಖಕ್ಕೂ ಸ್ನೇಹಕ್ಕೂ ಉಣ್ಣುವ ಊಟ ಬೇರೆ ಎಂದು ಎರಡೂ ಬೇರ್ಪಡುತ್ತವೆ ಎಂಬುದು ರೈನ್‌ಹಾರ್ಟ್‌ನದೇ ನಿಲುವು. ಮಂಗಳವಾರದ ಮಧ್ಯಾಹ್ನವನ್ನು ಬಾಟಲಿಗೆ ಬಿಟ್ಟವರು ಭಾನುವಾರದ ಊಟಕ್ಕೆ ಹೆಚ್ಚಿನ ಮನಸ್ಸು ತಂದಾರು.

ವಿರೋಧ

ಮಂಗಳವಾರದ ಮಧ್ಯಾಹ್ನದಿಂದಲೇ ಶುರುಮಾಡೋಣ. ಬಾಟಲಿಯನ್ನು ಮದುವೆಯೂಟದೊಂದಿಗೆ ಹೋಲಿಸಬಾರದು, ತಣ್ಣಗಿನ ಬರ್ಗರಿನೊಂದಿಗೆ ಹೋಲಿಸಬೇಕು ಎಂಬ ಮಾತು ನ್ಯಾಯವಾದದ್ದು. ಆದರೆ ಆ ಬರ್ಗರು ತಣ್ಣಗಾದದ್ದು ಏಕೆ? ಎರಡೂವರೆಯವರೆಗೆ ಮೀಟಿಂಗ್ ಇಟ್ಟವರು ಯಾರು? ಊಟದ ಬಿಡುವನ್ನು ಕಸಿದುಕೊಂಡ ಏರ್ಪಾಡಿಗೆ ಪೇಯವು ಮದ್ದಲ್ಲ, ಅದು ಆ ಏರ್ಪಾಡಿಗೆ ಹಾಕಿದ ಎಣ್ಣೆ. ಎರಡು ನಿಮಿಷದಲ್ಲಿ ಕುಡಿದು ಮುಗಿಸುವವರು ನಾಲ್ಕು ಜನರಾದ ಮೇಲೆ, ಅರ್ಧ ಗಂಟೆ ಕೂತು ಉಣ್ಣುವ ಐದನೆಯವರು ಸೋಮಾರಿಯಾಗಿ ಕಾಣಿಸತೊಡಗುತ್ತಾರೆ.

ಬೇಕಾದದ್ದೆಲ್ಲ ಲೆಕ್ಕಹಾಕಿ ತುಂಬಿದೆ ಎಂಬ ಭರವಸೆ ಹೊಸದಲ್ಲ, ಅದರ ಸೋಲೂ ಹೊಸದಲ್ಲ. 1870-71ರಲ್ಲಿ ಪ್ರಷ್ಯದ ಸೇನೆ ಪ್ಯಾರಿಸ್ ನಗರವನ್ನು ಮುತ್ತಿ ಹಾಲಿನ ಪೂರೈಕೆ ನಿಂತಾಗ, ಅಂದಿನ ರಸಾಯನಶಾಸ್ತ್ರಕ್ಕೆ ತಿಳಿದಿದ್ದ ಕೊಬ್ಬು, ಸಕ್ಕರೆ, ಪ್ರೋಟೀನುಗಳನ್ನು ಸೇರಿಸಿ ಎಳೆಯ ಮಕ್ಕಳಿಗೆ ಕೃತಕ ಹಾಲು ಮಾಡಿಕೊಟ್ಟರು. ಅದು ಹಾಲಿನ ಕೆಲಸ ಮಾಡಲಿಲ್ಲ. ಹಾಲಿನಲ್ಲಿ ನಮ್ಮ ವಿಶ್ಲೇಷಣೆಗೆ ಸಿಗದ್ದು ಇನ್ನೂ ಏನೋ ಇದೆ ಎಂಬ ಎಚ್ಚರವನ್ನು ರಸಾಯನಶಾಸ್ತ್ರಜ್ಞ ಜಾನ್-ಬತಿಸ್ತ್ ದ್ಯುಮಾ 1871ರಲ್ಲಿಯೇ ದಾಖಲಿಸಿದ. ವಿಟಮಿನ್ ಎಂಬ ಪರಿಕಲ್ಪನೆಗೆ ಹೆಸರು ಸಿಕ್ಕಿದ್ದು 1912ರಲ್ಲಿ, ಅಂದರೆ ನಾಲ್ಕು ದಶಕಗಳ ನಂತರ. ಕೋಲೀನ್ ಎಂಬ ಪೋಷಕಾಂಶಕ್ಕೆ ಅಮೆರಿಕದ ತಜ್ಞರು ದಿನಕ್ಕಿಷ್ಟು ಬೇಕೆಂಬ ಪ್ರಮಾಣವನ್ನು ಮೊದಲು ಗೊತ್ತುಮಾಡಿದ್ದು 1998ರಲ್ಲಿ. ಸ್ವತಃ ರೈನ್‌ಹಾರ್ಟ್ ತನ್ನ ಮೊದಲ ಮಿಶ್ರಣದಲ್ಲಿ ಕಬ್ಬಿಣಾಂಶವನ್ನು ಮರೆತು, ಎದೆ ಹೊಡೆದುಕೊಳ್ಳತೊಡಗಿದ ಮೇಲೆ ಸೇರಿಸಿಕೊಂಡ. 2016ರಲ್ಲಿ ಕೆಲವು ಗ್ರಾಹಕರಿಗೆ ಹೊಟ್ಟೆ ಕೆಟ್ಟು ವಾಂತಿಯಾದಾಗ ಕಂಪನಿಯು ತನ್ನ ತಿನಿಸಿನ ಬಾರ್‌ಗಳನ್ನು ಹಿಂತೆಗೆದುಕೊಂಡಿತು, ಪುಡಿಯ ಮಾರಾಟವನ್ನೂ ನಿಲ್ಲಿಸಿತು, ಪಾಚಿಯ ಹಿಟ್ಟು ಕಾರಣವಿರಬಹುದೆಂದಿತು. ಮುದ್ದೆ-ಬಸ್ಸಾರು ಉಣ್ಣುವವರಿಗೆ ಈ ತಲೆನೋವಿಲ್ಲ, ಏಕೆಂದರೆ ಇಂದು ರಾಗಿ, ನಾಳೆ ಅಕ್ಕಿ, ಒಂದು ದಿನ ದಂಟು, ಇನ್ನೊಂದು ದಿನ ಹುರುಳಿ ಎಂದು ಬದಲಾಗುವ ಅಡುಗೆಯಲ್ಲಿ, ಒಂದರಲ್ಲಿ ಬಿಟ್ಟುಹೋದದ್ದು ಮತ್ತೊಂದರಲ್ಲಿ ಸಿಗುತ್ತದೆ.

‘ಡೈರೆಕ್ಟ್’ ಪ್ರಯೋಗದ ಫಲ ನಿಜ. ಆದರೆ ಅದು ರೋಗಿಗಳಿಗೆ, ವೈದ್ಯಕೀಯ ನಿಗಾದಲ್ಲಿ, ಗೊತ್ತುಪಡಿಸಿದ ಅವಧಿಗೆ ಕೊಟ್ಟ ಚಿಕಿತ್ಸೆ. ಪೇಯದ ಘಟ್ಟ ಮುಗಿದೊಡನೆ ಅವರನ್ನು ಹಂತಹಂತವಾಗಿ ಊಟಕ್ಕೇ ಮರಳಿ ತರಲಾಯಿತು. ಕಾಲು ಮುರಿದವರಿಗೆ ಊರುಗೋಲು ನೆರವಾಯಿತೆಂದು ನಡೆಯಬಲ್ಲವರೆಲ್ಲ ಅದನ್ನು ಹಿಡಿಯಬೇಕಿಲ್ಲ.

299 ನಿಮಿಷಗಳ ಲೆಕ್ಕಕ್ಕೆ ಎದುರಾಡುವ ಮುಖ ನಮಗಿಲ್ಲ. ಆದರೂ ಬಾಟಲಿ ಯಾರನ್ನು ಬಿಡುಗಡೆ ಮಾಡುತ್ತದೆ ಎಂದು ಕೇಳಬೇಕಾಗುತ್ತದೆ. ಗಂಡ ಕಚೇರಿಯಲ್ಲಿ ಪೇಯ ಕುಡಿದರೂ ಶಾಲೆಗೆ ಹೋಗುವ ಮಗುವಿಗೆ ಡಬ್ಬಿ ಬೇಕು, ಮನೆಯಲ್ಲಿರುವ ಮಾವನಿಗೆ ಹನ್ನೆರಡೂವರೆಗೆ ಅನ್ನ ಬೇಕು. ಅನ್ನಕ್ಕಿಟ್ಟ ಕುಕ್ಕರಿನಲ್ಲಿ ಒಂದು ಪಾವು ಕಡಿಮೆಯಾಯಿತೆಂದರೆ ಅವಳ ಬೆಳಗಿನ ಕೆಲಸವೇನೂ ಕಡಿಮೆಯಾಗುವುದಿಲ್ಲ. ಮನೆಗೆಲಸದಿಂದ ದೂರವಿರುವ ಮುಕ್ಕಾಲು ಪಾಲು ಗಂಡಸರಿಗೆ ತರಕಾರಿ ಹೆಚ್ಚಲು ಕಲಿಯದಿರುವುದಕ್ಕೆ ಇನ್ನೊಂದು ನೆಪ ಸಿಕ್ಕಂತಾಗುತ್ತದೆ, ಅಷ್ಟೆ.

ಅಗತ್ಯದ ಊಟ, ಸ್ನೇಹದ ಊಟ ಎಂಬ ವಿಂಗಡಣೆಯಲ್ಲಿಯೇ ವಾದದ ಬುಡ ಅಲುಗುವುದು. ಅಮೆರಿಕದ ಒಂದು ದೊಡ್ಡ ನಗರದ ಅಗ್ನಿಶಾಮಕ ಠಾಣೆಗಳನ್ನು ಕುರಿತು ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಟ್ಟಿಗೆ ಅಡುಗೆ ಮಾಡಿ ಉಣ್ಣುವ ತಂಡಗಳ ಕೆಲಸವೂ ಮೇಲಾಗಿದೆಯೆಂದು ಅವರ ಮೇಲಧಿಕಾರಿಗಳು ಅಳೆದಿದ್ದರು. ಕೂಡಿ ಉಂಡದ್ದರಿಂದ ತಂಡ ಗಟ್ಟಿಯಾಯಿತೋ, ಗಟ್ಟಿಯಾದ ತಂಡವೇ ಕೂಡಿ ಉಂಡಿತೋ ಎಂಬುದು ಅದರಿಂದ ಸಾಬೀತಾಗುವುದಿಲ್ಲ ನಿಜ. ಆದರೆ ಅಲ್ಲಿ ಬೇಯುತ್ತಿದ್ದುದು ಹಬ್ಬದಡುಗೆಯಲ್ಲ, ಪಾಳಿಯ ನಡುವಿನ ಮಾಮೂಲಿ ಊಟ. ಬಳಗವೆಂಬುದು ಭಾನುವಾರಗಳಿಂದ ಕಟ್ಟಿದ್ದಲ್ಲ. ‘ಇವತ್ತು ಸಾರಿಗೆ ಉಪ್ಪು ಕಡಿಮೆ’ ಎಂಬ ಗೊಣಗು, ‘ನನ್ನ ಪಲ್ಯ ತಗೊಳ್ಳಿ, ನಿಮ್ಮ ಚಟ್ನಿ ಕೊಡಿ’ ಎಂಬ ಅದಲುಬದಲು, ಯಾರೋ ಮೂರು ದಿನದಿಂದ ಸರಿಯಾಗಿ ಉಣ್ಣುತ್ತಿಲ್ಲವೆಂದು ಇನ್ಯಾರೋ ಗಮನಿಸುವುದು, ಹೀಗೆ ಸಪ್ಪೆ ದಿನಗಳಿಂದ ಕಟ್ಟಿದ್ದು. ಕನ್ನಡದಲ್ಲಿ ಊಟವನ್ನು ಬಡಿಸುತ್ತೇವೆ. ಬಾಟಲಿಯನ್ನು ಬಡಿಸಲಾಗುವುದಿಲ್ಲ, ಇನ್ನೊಂದು ಸೌಟು ಹಾಕಲಾಗುವುದಿಲ್ಲ, ಸಾಕು ಎಂದು ಕೈ ಅಡ್ಡ ಹಿಡಿಯಲಾಗುವುದೂ ಇಲ್ಲ. ಹೊಲದ ಅಂಬಲಿಗೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ: ಅಂಬಲಿಯ ಚೆಂಬನ್ನು ಬದುವಿನ ಮೇಲೆ ಕೂತವರೆಲ್ಲರಿಗೂ ಬಗ್ಗಿಸಬಹುದಿತ್ತು.

ಕೊನೆಗೆ ಪಂಕ್ತಿಯ ಮಾತು, ಪರವಾದಿಗಳು ಹೇಳಿದ್ದರಲ್ಲೆಲ್ಲ ಭಾರವಾದದ್ದು. ಊಟದ ಸಾಲು ಜನರನ್ನು ಅವಮಾನಿಸಿದೆ, ಅದನ್ನು ಒಪ್ಪದೆ ಊಟದ ಸೊಬಗನ್ನು ವರ್ಣಿಸುವುದು ಅಪ್ರಾಮಾಣಿಕ. ಆದರೆ ಆ ಅವಮಾನಕ್ಕೆ ಎದುರಾದವರು ಯಾರೂ ಒಬ್ಬೊಬ್ಬರೇ ಮೂಲೆಯಲ್ಲಿ ಕೂತು ಕುಡಿಯಲಿಲ್ಲ. 1917ರಲ್ಲಿ ಕೇರಳದ ಚೆರಾಯಿಯಲ್ಲಿ ಸಮಾಜ ಸುಧಾರಕ ಸಹೋದರನ್ ಅಯ್ಯಪ್ಪನ್ ತಮ್ಮ ಜಾತಿಯ ಈಳವರನ್ನೂ, ಜಾತಿಯ ಏಣಿಯಲ್ಲಿ ಅವರಿಗಿಂತ ಕೆಳಗೆ ಇಡಲಾಗಿದ್ದ ಪುಲಯರನ್ನೂ ಒಟ್ಟಿಗೆ ಕೂರಿಸಿ ಉಣಿಸಿದಾಗ, ಸ್ವಜಾತಿಯವರೇ ಅವರಿಗೆ ‘ಪುಲಯನ್ ಅಯ್ಯಪ್ಪನ್’ ಎಂದು ಹೆಸರಿಟ್ಟು ಹೀಯಾಳಿಸಿದರು. ಅವರು ಆ ಹೆಸರನ್ನು ಹೆಮ್ಮೆಯಿಂದಲೇ ಹೊತ್ತರು. ಋಣ ಹೇರಿದ ಪಂಕ್ತಿಗೆ ಅವರು ಕೊಟ್ಟ ಉತ್ತರ ಋಣವಿಲ್ಲದ ಆಹಾರವಲ್ಲ, ಇನ್ನೊಂದು ಪಂಕ್ತಿ.

ಇದೇ ವಾದ ನಮ್ಮ ಶಾಲೆಗಳ ಬಿಸಿಯೂಟದಲ್ಲೂ ನಡೆದುಹೋಗಿದೆ. 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಮಕ್ಕಳಿಗೆ ಒಣ ಧಾನ್ಯವಲ್ಲ, ಬೇಯಿಸಿದ ಊಟವನ್ನೇ ಕೊಡಬೇಕೆಂದು ರಾಜ್ಯಗಳಿಗೆ ಆದೇಶಿಸಿತು. ಕರ್ನಾಟಕದಲ್ಲಿ ಅದು ಅಕ್ಷರ ದಾಸೋಹವಾಯಿತು. ಬಿಸಿಯೂಟದ ಬದಲು ಪೋಷಕಾಂಶ ಸೇರಿಸಿದ ಬಿಸ್ಕತ್ತು ಕೊಡಿ ಎಂದು 2007-08ರ ಸುಮಾರಿಗೆ ಬಿಸ್ಕತ್ತು ತಯಾರಕರು ಸಂಸದರ ಮೂಲಕ ಒತ್ತಡ ತಂದರು, ಅದು ಫಲಿಸಲಿಲ್ಲ. ದಲಿತ ಮಹಿಳೆ ಬೇಯಿಸಿದ್ದನ್ನು ತಮ್ಮ ಮಕ್ಕಳು ಉಣ್ಣಬಾರದೆಂದು ತಕರಾರು ತೆಗೆದ ಪೋಷಕರು ನಮ್ಮ ರಾಜ್ಯದಲ್ಲೂ ಇದ್ದಾರೆ; ಪೊಟ್ಟಣ ಹಂಚಿದ್ದರೆ ಆ ತಕರಾರು ಹುಟ್ಟುತ್ತಿರಲಿಲ್ಲ, ಅವರ ಮನಸ್ಸಿನಲ್ಲಿದ್ದದ್ದು ಹೊರಗೂ ಬರುತ್ತಿರಲಿಲ್ಲ. ಕೋರ್ಟು ಮಾತ್ರ 2004ರ ಏಪ್ರಿಲ್‌ನಲ್ಲಿ, ಅಡುಗೆಯವರ ನೇಮಕದಲ್ಲಿ ದಲಿತರಿಗೂ ಪರಿಶಿಷ್ಟ ಜಾತಿ-ಪಂಗಡದವರಿಗೂ ಆದ್ಯತೆ ಇರಬೇಕೆಂದು ಹೇಳಿತ್ತು. ಬೇಯಿಸುವ ಕೈಯೇ ಕಾಣದ ಬಾಟಲಿಯ ವಿಷಯದಲ್ಲಿ ಅಂಥ ಆದೇಶವನ್ನು ಬರೆಯಲು ಸಾಧ್ಯವಿರಲಿಲ್ಲ.