ಸಹವಾಸ ದೋಷ ಅಂತ ಕೈತೊಳೆದುಕೊಳ್ಳುವ ಮುಂಚೆ

ಕಳೆದ ವರ್ಷ ಮಳೆಗಾಲ. ಒಂಬತ್ತನೇ ಕ್ಲಾಸಿನ ಹುಡುಗನೊಬ್ಬನ ನೋಟ್ಸ್ ನೋಡೋಣ ಅಂತ ಬಗ್ಗಿದೆ. ಪಂಕ್ಚರ್ ಅಂಗಡಿಯಲ್ಲಿ ಬರುತ್ತಲ್ಲ, ಆ ವಾಸನೆ ಬಂತು. ಜೇಬಿನಿಂದ ಕರ್ಚೀಫ್ ತೆಗೆಸಿದೆ. ಒಂದು ಮೂಲೆ ಹಳದಿಯಾಗಿ ಗಟ್ಟಿ ಕಟ್ಟಿತ್ತು. ಸೊಲ್ಯೂಷನ್, ಪಂಕ್ಚರ್ ಹಾಕುವ ಅಂಟು.

"ಸೈಕಲ್ ರಿಪೇರಿ ಮಾಡ್ದೆ ಮಿಸ್" ಅಂದ. ಅವನ ಹತ್ತಿರ ಸೈಕಲ್ಲೇ ಇಲ್ಲ.

ಸ್ಟಾಫ್ ರೂಮಿನಲ್ಲಿ ಎಲ್ಲರದ್ದೂ ಒಂದೇ ಮಾತು. ಸಹವಾಸ ದೋಷ, ಟಿಸಿ ಕೊಟ್ಟು ಕಳಿಸಿ, ಉಳಿದ ಮಕ್ಕಳೂ ಹಾಳಾಗ್ತಾರೆ. ನಾನೂ ತಲೆ ಆಡಿಸಿದೆ. ಮಾರನೇ ದಿನ ಅವನ ಅಮ್ಮ ಬಂದರು. ಗಾರ್ಮೆಂಟ್ಸ್ ಕೆಲಸ. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟರೆ ಬರೋದು ರಾತ್ರಿ ಎಂಟಕ್ಕೆ. "ಅವರಪ್ಪ ಹೋದಾಗಿಂದ ರಾತ್ರಿ ನಿದ್ದೇನೇ ಮಾಡಲ್ಲ ಮೇಡಂ" ಅಂದರು.

ಅಪ್ಪ ತೀರಿಕೊಂಡಾಗ ಅವನು ಹನ್ನೊಂದು ದಿನ ಶಾಲೆಗೆ ಬಂದಿರಲಿಲ್ಲ. ಹಾಜರಿಯಲ್ಲಿ ಹನ್ನೊಂದು ಗೈರು ಹಾಕಿದವಳು ನಾನೇ. ಬಂದ ಮೇಲೆ ರಜೆ ಚೀಟಿ ಕೇಳಿದ್ದೆ. ಹೇಗಿದ್ದೀಯಪ್ಪಾ ಅಂತ ಕೇಳಿರಲಿಲ್ಲ.

ತುಂಬಾ ದಿನ ಆದ ಮೇಲೆ ಅವನೇ ಬಾಯಿಬಿಟ್ಟ. "ಮೂಸಿದ್ರೆ ಸ್ವಲ್ಪ ಹೊತ್ತು ಏನೂ ನೆನಪಾಗಲ್ಲ ಮಿಸ್."

ಡ್ರಗ್ಸ್ ಅಂದ್ರೆ ನಮ್ಮ ಕಣ್ಣಿಗೆ ಬರೋದು ಬೆಂಗಳೂರಿನ ಪಾರ್ಟಿ, ಟಿವಿಯಲ್ಲಿ ಪೊಲೀಸ್ ದಾಳಿ. ಈ ಹುಡುಗನಿಗೆ ಬೇಕಾದ್ದು ಅಂಗಡಿಯಲ್ಲಿ ಚಿಲ್ಲರೆ ದುಡ್ಡಿಗೆ ಸಿಗುತ್ತದೆ. ಏಮ್ಸ್ ನಡೆಸಿದ ದೇಶದ ಸಮೀಕ್ಷೆಯ ವರದಿ 2019ರಲ್ಲಿ ಬಂತು. ಅದರಲ್ಲಿ ಶೇಕಡಾ ಲೆಕ್ಕದಲ್ಲಿ ದೊಡ್ಡವರಿಗಿಂತ ಮಕ್ಕಳಲ್ಲೇ ಜಾಸ್ತಿ ಕಂಡ ಚಟ ಒಂದೇ ಒಂದು, ಹೀಗೆ ಮೂಸುವ ಪದಾರ್ಥಗಳದ್ದು. ಇನ್ನು ಮಿದುಳಿನಲ್ಲಿ "ಸಾಕು, ನಿಲ್ಲಿಸು" ಅನ್ನುವ ಭಾಗ ಪೂರ್ತಿ ಬಲಿಯೋದು ಇಪ್ಪತ್ತೈದರ ಹತ್ತಿರಕ್ಕೆ. ಖುಷಿ ಹುಡುಕುವ ಭಾಗ ಹದಿನಾಲ್ಕಕ್ಕೇ ಜೋರಾಗಿರುತ್ತದೆ. ಅದಕ್ಕೇ ಈ ವಯಸ್ಸಿನಲ್ಲಿ ಶುರುವಾದ ಚಟ ಬೇಗ ಬೇರು ಬಿಡುತ್ತದೆ.

ಆದರೆ ಮೊದಲ ಪರಿಚಯ ಮಾಡಿಸೋದು ಎಷ್ಟೋ ಸಲ ನಾವೇ. "ಮಗಾ, ಓಡಿ ಹೋಗಿ ಒಂದು ಪ್ಯಾಕೆಟ್ ತಗೊಂಡು ಬಾ." ನಮ್ಮಲ್ಲಿ ಗುಟ್ಕಾ ನಿಷೇಧ ಆಗಿದ್ದು 2013ರಲ್ಲಿ. ಈಗ ಪಾನ್ ಮಸಾಲಾ ಒಂದು ಸ್ಯಾಷೆ, ತಂಬಾಕು ಇನ್ನೊಂದು. ಪಕ್ಕಪಕ್ಕದಲ್ಲೇ ಸರದ ಹಾಗೆ ನೇತಾಡುತ್ತವೆ. ಯಾವ ಎರಡನ್ನು ಸೇರಿಸಬೇಕು ಅಂತ ಐದನೇ ಕ್ಲಾಸಿನ ಮಗುವಿಗೂ ಗೊತ್ತು! ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರಬಾರದು ಅಂತ ಕಾನೂನಿದೆ. ನಮ್ಮ ಕಾಂಪೌಂಡಿನ ಮೇಲೇ ಬರೆದಿದೆ. ಗೇಟಿನಿಂದ ಅಂಗಡಿವರೆಗೆ ನಡೆದು ಎಣಿಸಿದೆ. ಅರವತ್ತು ಹೆಜ್ಜೆ. ಮಗುವಿನ ಕೈಗೆ ತಂಬಾಕು ಕೊಟ್ಟರೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ 7 ವರ್ಷದವರೆಗೆ ಜೈಲಿದೆ. ಮನೆಯವರು ಕಳಿಸ್ತಾರೆ, ಅಂಗಡಿಯವರು ಕೊಡ್ತಾರೆ. ಕೊನೆಗೆ ದೋಷ ಮಾತ್ರ ಸಹವಾಸದ್ದು.

ಇದು ಬಡವರ ಮನೆ ಕಥೆ ಅಂದುಕೊಳ್ಳಬೇಡಿ. ಪಿಯುಸಿಗೆ ಹಾಸ್ಟೆಲ್ ಸೇರಿದ ಎಷ್ಟೋ ಮಕ್ಕಳಿಗೆ ಮನೆಯಿಂದ ಬರುವ ಫೋನಿನಲ್ಲಿ ಮೊದಲ ಪ್ರಶ್ನೆಯೇ ಟೆಸ್ಟಲ್ಲಿ ಎಷ್ಟು ಬಂತು ಅನ್ನೋದು. ಅಳು ಬಂದರೆ ಯಾರ ಹತ್ತಿರ ಹೇಳಬೇಕು ಆ ಮಗು? ಸಿಗರೇಟು ಚಾಚಿದ ಸೀನಿಯರ್ರೇ ಆಗ ಅಣ್ಣನ ಹಾಗೆ ಕಾಣ್ತಾನೆ.

ನಮ್ಮ ಹುಡುಗನಿಗೆ ಟಿಸಿ ಕೊಡಲಿಲ್ಲ. ಹೆಡ್‌ಮಾಸ್ಟರ್ ಒಪ್ಪಿದರು, ಅದು ದೊಡ್ಡ ಮಾತು. ಅವರಮ್ಮನ ಜೊತೆ ಜಿಲ್ಲಾಸ್ಪತ್ರೆಯ ಮಾನಸಿಕ ವಿಭಾಗಕ್ಕೆ ಹೋಗಿ ಬಂದೆವು. ಅಷ್ಟು ದೂರ ಹೋಗಲು ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ದುಡ್ಡು ಬೇಡ, ಕನ್ನಡದಲ್ಲೇ ಮಾತಾಡ್ತಾರೆ. ಚಟ ಬಿಡಿಸಲು ಅಂತಲೇ 14446 ಇದೆ.

ಈಗ ಅವನು ಎಸ್ಸೆಸ್ಸೆಲ್ಸಿ. ಪೂರ್ತಿ ಬಿಟ್ಟಿಲ್ಲ, ಎರಡು ಸಲ ಜಾರಿದ್ದಾನೆ. ಎರಡನೇ ಸಲ ಬೆಳಿಗ್ಗೆ ಪ್ರೇಯರ್‌ಗೂ ಮುಂಚೆ ಬಂದು ನನ್ನ ಟೇಬಲ್ ಮೇಲೆ ಟ್ಯೂಬ್ ಇಟ್ಟ. "ನಿನ್ನೆ ಮತ್ತೆ ತಗೊಂಡೆ ಮಿಸ್" ಅಂದ. ಕಣ್ಣು ಕೆಂಪಾಗಿತ್ತು.

"ತಿಂಡಿ ಆಯ್ತಾ?" ಅಂತ ಕೇಳಿದೆ. ಇಲ್ಲ ಅಂದ. ಡಬ್ಬಿಯಲ್ಲಿ ಚಿತ್ರಾನ್ನ ಇತ್ತು. ಇಬ್ಬರೂ ಹಂಚಿಕೊಂಡು ತಿಂದೆವು.