ಸತ್ಯಾಂಶ: ಟೊವಿನೋ ಥಾಮಸ್ ರಾತ್ರೋರಾತ್ರಿ ಹೀರೋ ಆದವರಾ?

'ಐಟಿ ಕೆಲಸ ಬಿಟ್ಟರು, ಮಿನ್ನಲ್ ಮುರಳಿ ಮಾಡಿದರು, ಒಂದೇ ರಾತ್ರಿಯಲ್ಲಿ ಸ್ಟಾರ್ ಆದರು.' ಮಲಯಾಳಂ ನಟ ಟೊವಿನೋ ಥಾಮಸ್ ಬಗ್ಗೆ ಹರಿದಾಡುವ ಈ ಮೆಸೇಜ್‌ನಲ್ಲಿ ಐಟಿ ಕೆಲಸ ಬಿಟ್ಟಿದ್ದು, 'ಮಿನ್ನಲ್ ಮುರಳಿ' ಎಂಬ ಸೂಪರ್‌ಹೀರೋ ಸಿನಿಮಾ ಮಾಡಿದ್ದು ನಿಜ; ಒಂದೇ ರಾತ್ರಿಯಲ್ಲಿ ಸ್ಟಾರ್ ಆಗಿದ್ದು ಮಾತ್ರ ನಿಜವಲ್ಲ.

ತ್ರಿಶೂರ್ ಜಿಲ್ಲೆಯ ಇರಿಂಜಾಲಕುಡದ ಟೊವಿನೋ ಓದಿದ್ದು ಎಂಜಿನಿಯರಿಂಗ್, ಕೆಲಸ ಮಾಡಿದ್ದು ಚೆನ್ನೈನಲ್ಲಿ. ತೆರೆಗೆ ಬಂದಿದ್ದು 2012ರಲ್ಲಿ, 'ಪ್ರಭುವಿಂಡೆ ಮಕ್ಕಳ್' ಚಿತ್ರದಿಂದ. ಅದೇ ವರ್ಷದ 'ತೀವ್ರಂ'ಗೆ ಅವರು ಸಹಾಯಕ ನಿರ್ದೇಶಕರಾಗಿ ದುಡಿದರು. 2013ರ 'ಎಬಿಸಿಡಿ'ಯಲ್ಲಿ ದುಲ್ಕರ್ ಸಲ್ಮಾನ್ ಹೀರೋ, ಟೊವಿನೋ ವಿಲನ್.

ಜನ ಅವರನ್ನು ನಿಜವಾಗಿ ಗುರುತು ಹಿಡಿದಿದ್ದು 2015ರ 'ಎನ್ನು ನಿಂಡೆ ಮೊಯ್ದೀನ್'ನಲ್ಲಿ. ಅದು ಮೊಯ್ದೀನ್ ಮತ್ತು ಕಾಂಚನಮಾಲಾ ಪ್ರೇಮಕಥೆ. ಟೊವಿನೋ ಮಾಡಿದ್ದು ಅಪ್ಪು ಪಾತ್ರ: ಕಾಂಚನಮಾಲಾಳನ್ನು ಮದುವೆಯಾಗುವ ಆಸೆ ಇಟ್ಟುಕೊಂಡ, ಆದರೆ ಅವಳ ಮನಸ್ಸು ಬೇರೆ ಕಡೆ ಇದೆ ಎಂದು ಒಪ್ಪಿಕೊಳ್ಳಬೇಕಾದ ಹುಡುಗ. ತೆರೆ ಮೇಲೆ ಜಾಸ್ತಿ ಹೊತ್ತು ಇಲ್ಲದಿದ್ದರೂ ಆ ಪಾತ್ರ ಮನಸ್ಸಲ್ಲಿ ಉಳಿಯುತ್ತದೆ.

ಆಮೇಲೆ 'ಗಪ್ಪಿ' ಬಂತು. 2017ರಲ್ಲಿ 'ಗೋಧಾ', 'ಮಾಯಾನದಿ'. ನನಗಂತೂ ಅವರ ನಟನೆಯ ಆಳ ಗೊತ್ತಾಗಿದ್ದು 'ಮಾಯಾನದಿ'ಯ ಮಾತನ್ ಪಾತ್ರದಿಂದಲೇ.

'ಮಿನ್ನಲ್ ಮುರಳಿ' ನೆಟ್‌ಫ್ಲಿಕ್ಸ್‌ಗೆ ಬಂದಿದ್ದು 2021ರ ಡಿಸೆಂಬರ್‌ನಲ್ಲಿ. ಕನ್ನಡ ಡಬ್ಬಿಂಗ್‌ನಲ್ಲೂ ಸಿಕ್ಕಿದ್ದರಿಂದ ನಮ್ಮಲ್ಲಿ ಹಲವರಿಗೆ ಅದೇ ಮೊದಲ ಪರಿಚಯ, ಅಲ್ವಾ? ಅಷ್ಟರಲ್ಲಿ ಅವರು ಕ್ಯಾಮೆರಾ ಮುಂದೆ 9 ವರ್ಷ ಕಳೆದಿದ್ದರು. ಅದರ ನಿರ್ದೇಶಕ ಬೇಸಿಲ್ ಜೋಸೆಫ್ ಕೂಡ ಹೊಸಬರಲ್ಲ, 'ಗೋಧಾ' ಮಾಡಿದವರೂ ಅವರೇ.